ಘಟ್ಟ ಇಳಿದ ತಂಬಿಗೆ

ಸಾಯುವುದಕ್ಕೂ ಒಳ್ಳೆಯ ಗಳಿಗೆ ನೋಡಿಕೊಳ್ಳಬೇಕು. ಹೊಸಬಾಳೆಯ ಶೇಷಪ್ಪನವರು ನೋಡಿಕೊಳ್ಳಲಿಲ್ಲ. ಲಕ್ವ ಹೊಡೆದು ಒಂಬತ್ತು ವರ್ಷ ಹಾಸಿಗೆಯಲ್ಲಿದ್ದವರಿಗೆ ಇನ್ನೊಂದು ವಾರ ತಡೆಯುವುದು ಏನೂ ಕಷ್ಟವಾಗುತ್ತಿರಲಿಲ್ಲ. ಒಂದು ವಾರ ಮೊದಲೇ ಹೊರಟಿದ್ದರೂ ಯಾರೂ ಕೈಹಿಡಿದು ನಿಲ್ಲಿಸುತ್ತಿರಲಿಲ್ಲ. ಸುಗ್ಗಿ ಮುಗಿದು ಕಣ ಗುಡಿಸಿದ ಪುಷ್ಯ ಮಾಸದಲ್ಲಿ, ಧನಿಷ್ಠಾ ನಕ್ಷತ್ರ ಕಾಲಿಡುವುದನ್ನೇ ಕಾದಿದ್ದವರ ಹಾಗೆ ಕಣ್ಣು ಮುಚ್ಚಿದರು. ಜೋಯಿಸರು ಪಂಚಾಂಗ ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. “ಮನೆ ಬಿಡಬೇಕು ಆನಂದಪ್ಪ. ಆರು ತಿಂಗಳು. ಬೀಗ ಹಾಕಿ ಬಾಗಿಲಿಗೆ ಮುಳ್ಳು ಬಡಿ” ಎಂದರು.

ಮನೆ ಬಿಡುವುದೆಂದರೆ ನಮ್ಮ ಕಡೆ ಹುಡುಗಾಟವಲ್ಲ. ಕೆಟ್ಟ ನಕ್ಷತ್ರದಲ್ಲಿ ಹೋದವರು ಒಬ್ಬರೇ ಹೋಗುವುದಿಲ್ಲವಂತೆ, ಮನೆಯವರಲ್ಲಿ ಇನ್ನೊಬ್ಬರನ್ನು ಕರೆಯುತ್ತಾರಂತೆ. ಕರೆದರೆ ಓಗೊಡಲು ಅಲ್ಲಿ ಯಾರೂ ಇರಬಾರದು. ಅದಕ್ಕೇ ಬೀಗ, ಅದಕ್ಕೇ ಮುಳ್ಳು. ನಂಬಿಕೆ ಇಲ್ಲದವರು ಕೂಡ ಇಂಥ ವಿಷಯದಲ್ಲಿ ಮೊಂಡು ಹಿಡಿಯುವುದಿಲ್ಲ. ಆನಂದಪ್ಪ ಶೇಷಪ್ಪನವರ ಒಬ್ಬನೇ ಮಗ. ಅವನಿಗೆ ನಂಬಿಕೆಯೂ ಇರಲಿಲ್ಲ, ಮೊಂಡೂ ಇರಲಿಲ್ಲ. ಇದ್ದದ್ದು ಕಾಲಲ್ಲಿ ಚಕ್ರ ಮಾತ್ರ. ಒಂದು ಕಡೆ ಕೂತು ಒಂದು ಎಲೆ ಅಡಿಕೆ ಮುಗಿಸಿದ ಮನುಷ್ಯನಲ್ಲ ಅವನು.

ಅವನ ಹೆಂಡತಿ ವರದಮ್ಮ ಜೋಯಿಸರ ಮಾತನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಹೆದರಿಕೆಯಾಗಲಿಲ್ಲ. ಮನೆಯೇ ಇಲ್ಲದ ಮೇಲೆ ಮನೆಗೆಲಸವೂ ಇಲ್ಲ, ಹೋಗಿ ಎಲ್ಲಾದರೂ ಮಲಗಬಹುದು ಎಂದು ಅವಳ ಮನಸ್ಸು ಆಸೆಪಟ್ಟಿತು. ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಅವಳ ಸುಸ್ತು ಎಂಥದ್ದೆಂದು ಹೇಳಬೇಕು. ಶೇಷಪ್ಪನವರಿಗೆ ಬಲಗೈ ಬಲಗಾಲಿನ ಜೊತೆ ಮಾತೂ ಬಿದ್ದುಹೋಗಿತ್ತು. ಉಳಿದದ್ದು ಎಡಗೈ, ಮತ್ತೆ ಆ ಕೈಗೆ ಸಿಗುವಂತೆ ಇಟ್ಟ ಒಂದು ಸಣ್ಣ ಹಿತ್ತಾಳೆ ತಂಬಿಗೆ. ನೀರು ಬೇಕಾದರೆ ತಂಬಿಗೆಯನ್ನು ಕಬ್ಬಿಣದ ಮಂಚಕ್ಕೆ ಬಡಿಯುತ್ತಿದ್ದರು, ಠಣ್. ಮಗ್ಗುಲು ಬದಲಿಸಬೇಕಾದರೆ, ಠಣ್. ಸೊಳ್ಳೆ ಕಚ್ಚಿದರೂ, ಸುಮ್ಮನೆ ಬೇಸರವಾದರೂ ಠಣ್. ಹಗಲೆನ್ನದೆ ರಾತ್ರಿಯೆನ್ನದೆ “ಬಂದೆ ಮಾವಯ್ಯ” ಎಂದು ಏಳುತ್ತಿದ್ದವಳು ಸೊಸೆ. ಅತ್ತೆ ತುಂಗಮ್ಮನಿಗೆ ಮಂಡಿ ನೋವು, ಏಳುವುದರೊಳಗೆ ಸೊಸೆ ಹೋಗಿ ಬಂದಿರುತ್ತಿದ್ದಳು. ಒಂಬತ್ತು ವರ್ಷ ಹೀಗೆ ತುಂಡು ತುಂಡು ನಿದ್ದೆ ಮಾಡಿದ ಹೆಂಗಸು, ತಿಥಿ ಊಟದ ದಿನ ಬಾವಿ ಕಟ್ಟೆಗೆ ಒರಗಿ ನಿಂತಲ್ಲೇ ತೂಕಡಿಸಿಬಿಟ್ಟಳು. “ಇನ್ನೇನು ಮಾರಾಯ್ತಿ, ಮಲಗು. ಯಾರು ಬೇಡ ಅಂತಾರೆ?” ಎಂದರು ನೆಂಟರು. ಯಾರೂ ಬೇಡ ಅನ್ನಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಕಿವಿ ಎದ್ದು ಕೂರುತ್ತಿತ್ತು. ಒಂದೇ ಒಂದು ತುಂಬು ನಿದ್ದೆ ಸಿಕ್ಕರೆ ಸಾಕು, ಆಮೇಲೆ ಎಂಥದ್ದಾದರೂ ಮಾಡಿಯೇನು ಎಂದು ಅವಳಿಗೆ ಅನಿಸುತ್ತಿತ್ತು.

ತವರು ಬಂದಳಿಕೆಯಲ್ಲಿ. ತಮ್ಮ ಉಜ್ಜಪ್ಪ ಬಂದ, ಜಗಲಿ ಮೇಲೆ ಕೂತ, ಕಣ್ಣೊರೆಸಿಕೊಂಡ. “ಕರ್ಕೊಂಡು ಹೋಗ್ತಿದ್ದೆ ಅಕ್ಕಾ. ಆದ್ರೆ ನಮ್ಮನೇಲಿ ಬಾಣಂತಿ ಇದಾಳೆ ನೋಡು” ಎಂದ. ನಕ್ಷತ್ರದ ಮನೆಯವರನ್ನು ಯಾರು ತಾನೆ ಒಳಗೆ ಬಿಟ್ಟುಕೊಳ್ಳುತ್ತಾರೆ? ಬಾಯಲ್ಲಿ ಬನ್ನಿ ಅನ್ನುತ್ತಾರೆ, ಬಾಗಿಲು ಮಾತ್ರ ಅರ್ಧ ತೆರೆಯುತ್ತಾರೆ.

ಆಗ ಆನಂದಪ್ಪ ಶಿಕಾರಿಪುರಕ್ಕೆ ಹೋಗಿ ನಜೀರ್ ಸಾಬ್‌ನನ್ನು ಹಿಡಿದ. ನಜೀರ್ ಸಾಬ್ ಬಹಳ ಕಾಲ ಶಿಕಾರಿಪುರ–ಸೊರಬ ಲೈನಿನಲ್ಲಿ ಸ್ವಂತ ಬಸ್ಸು ಓಡಿಸಿದವನು. ಹೊಸ ಹೊಸ ಬಸ್ಸುಗಳು ಬಂದ ಮೇಲೆ ಲೈನು ಕೈಬಿಟ್ಟು, ಬಸ್ಸು ಅವನ ಮನೆ ಹಿಂದಿನ ಹುಣಸೆಮರದ ಕೆಳಗೆ ಕೋಳಿಗಳಿಗೆ ಮೊಟ್ಟೆಯಿಡುವ ಜಾಗವಾಗಿತ್ತು. ಇಬ್ಬರೂ ಸೇರಿ ಕೋಳಿ ಓಡಿಸಿದರು, ಸೀಟು ಕಿತ್ತರು. ಎರಡು ಬದಿಗೆ ಹಲಗೆ ಮಂಚ ಬಂತು, ಹಿಂದುಗಡೆ ತಗಡು ಹಾಸಿ ಮರಳು ಸುರಿದು ಮಣ್ಣಿನ ಒಲೆ ಹೂಡಿದ್ದಾಯಿತು. ನಜೀರ್ ಸಾಬ್‌ನ ಹೆಂಡತಿ ಕುಬ್ರಾ ಬೀ ಕಿಟಕಿಗಳಿಗೆಲ್ಲ ಪರದೆ ಹೊಲಿದು ಕೊಟ್ಟಳು. ಬಸ್ಸಿನ ಹಣೆಯ ಮೇಲಿನ ‘ಶಿಕಾರಿಪುರ – ಸೊರಬ’ ಬೋರ್ಡನ್ನು ಮಾತ್ರ ನಜೀರ್ ಸಾಬ್ ತೆಗೆಯಗೊಡಲಿಲ್ಲ. “ಅದು ಗಾಡಿ ಹೆಸರ್ರೀ. ಮನಿ ಬದಲಾಯ್ತು ಅಂತ ಹೆಸರು ಬದಲು ಮಾಡ್ಕೋತಾರೇನ್ರೀ?” ಎಂದ.

ಬಸ್ಸು ಬಂದು ಹೊಸಬಾಳೆ ಕೆರೆ ಏರಿಯ ಪಕ್ಕ ನಿಂತಾಗ ಊರಿಗೆ ಊರೇ ನೋಡಲು ಬಂತು. ಜೋಯಿಸರನ್ನು ಕೇಳಿದರೆ, “ಒಲೆ ಹೂಡಿದ ಮೇಲೆ ಮನೆ ಹೌದು. ಚಕ್ರ ಇರೋದ್ರಿಂದ ಮನೆ ಅಲ್ಲ ಅಂತಲೂ ಹೇಳಬಹುದು” ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟರು. ತುಂಗಮ್ಮ ಹಾಲುಕ್ಕಿಸಿಯೇ ಒಳಗೆ ಬಂದಳು. ಬರುವಾಗ ಅವಳ ಕೈಯಲ್ಲಿ ಶೇಷಪ್ಪನವರ ತಂಬಿಗೆ ಇತ್ತು.

ಹೋದವರಿಗೆ ಅವರು ಮಲಗುತ್ತಿದ್ದ ಜಾಗದಲ್ಲಿ ನೀರಿಡುವುದು ಆ ಮನೆಯ ಪದ್ಧತಿ. ಮನೆಗೇ ಬೀಗ ಬಿದ್ದ ಮೇಲೆ ನೀರೆಲ್ಲಿಡುವುದು? “ಆರು ತಿಂಗಳು ಬಾಯಾರಿಕೊಂಡು ಇರಬೇಕೇನು ಅವರು? ಒಲೆ ಎಲ್ಲಿರ್ತದೋ ಅಲ್ಲಿಗೇ ಬರ್ತಾರೆ” ಎಂದಳು ತುಂಗಮ್ಮ. ಜನ ನಿಂತಾಗ ಹಿಡಿದುಕೊಳ್ಳಲು ಬಸ್ಸಿನ ಮೇಲೆ ಉದ್ದಕ್ಕೂ ಕಬ್ಬಿಣದ ಸರಳು ಇರುತ್ತದಲ್ಲ, ಅದಕ್ಕೆ ಹಗ್ಗ ಕಟ್ಟಿ, ತಂಬಿಗೆಯ ಕಂಠಕ್ಕೆ ಕುಣಿಕೆ ಹಾಕಿ, ನೀರು ತುಂಬಿ ನೇತುಬಿಟ್ಟಳು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗಾಯಿತು. ಕರೆಯುವವರ ಕೈಗೆ ಸಿಗಬಾರದೆಂದು ಮನೆ ಖಾಲಿ ಮಾಡಿದ ಜನ, ಅವರು ಕರೆಯುತ್ತಿದ್ದ ತಂಬಿಗೆಯನ್ನೇ ಹೊತ್ತು ತಂದಿದ್ದರು. ಇದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಕೆರೆಯ ಗಾಳಿ ಬೀಸಿದಾಗ ತಂಬಿಗೆ ತೂಗಿ ಕಿಟಕಿಯ ಕಂಬಿಗೆ ತಗಲುತ್ತಿತ್ತು. ಠಣ್.

“ಬಂದೆ ಮಾವಯ್ಯ” ಎಂದು ವರದಮ್ಮ ಎದ್ದು ಕೂರುತ್ತಿದ್ದಳು. ಎದ್ದು, ತಾನು ಎಲ್ಲಿದ್ದೇನೆಂದು ನೋಡಿ, ಮತ್ತೆ ಒರಗುತ್ತಿದ್ದಳು. ಮಾಘ ಕಳೆಯುವ ಹೊತ್ತಿಗೆ ಅವಳ ಕೆನ್ನೆ ಒಳಗೆ ಹೋಗಿ ಕಣ್ಣ ಕೆಳಗೆ ಕಪ್ಪಗಾಯಿತು. ಊರ ಹೆಂಗಸರು ಅವಳನ್ನು ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದರು. ಶೇಷಪ್ಪ ಯಾರನ್ನು ಕರೆಯುತ್ತಿದ್ದಾನೆಂದು ಅವರಿಗೆ ಗೊತ್ತಾಗಿಹೋಗಿತ್ತು.

ಆನಂದಪ್ಪನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಇತ್ತು. ಆದರೆ ಅವನ ಪ್ರೀತಿಗೂ ಕಾಲಲ್ಲಿ ಚಕ್ರ. ಮದುವೆಯಾದ ಹೊಸದರಲ್ಲಿ ಅವಳಿಗೆ ಘಟ್ಟ ತೋರಿಸುತ್ತೇನೆ, ಮೇಲಿಂದ ನಿಂತರೆ ಸಮುದ್ರ ಕಾಣುತ್ತದೆ ಎಂದು ಮಾತು ಕೊಟ್ಟಿದ್ದ. ಆಗ ಘಟ್ಟದ ಕೆಳಗಿನದು ಬೊಂಬಾಯಿ ಸೀಮೆ ಎಂಬ ನೆಪವಿತ್ತು, ಆಮೇಲೆ ಅಪ್ಪನ ಕಾಯಿಲೆ ಬಂತು. ಈಗ ಅಪ್ಪನೂ ಹೋದ, ಎರಡು ವರ್ಷದ ಹಿಂದೆ ರಾಜ್ಯಗಳು ಸೇರಿ ಘಟ್ಟದ ಕೆಳಗೂ ಮೈಸೂರೇ ಆಯಿತು. ಇನ್ನು ನೆಪ ಉಳಿದಿರಲಿಲ್ಲ.

“ಹೋಗಿ ಬರಾಣ. ಹವಾ ಬದಲಾದ್ರೆ ನಿಂಗೂ ನಿದ್ದೆ ಬರ್ತದೆ” ಎಂದ.

“ನಂಗೆ ಎಲ್ಲಿಗೂ ಬೇಡ” ಎಂದಳು ವರದಮ್ಮ. ಅವಳ ಮಾತನ್ನು ಅವನು ಸಂಕೋಚ ಎಂದುಕೊಂಡ. ಗಂಡಸರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುವುದರಲ್ಲಿ ಪಂಡಿತರು.

ತುಂಗಮ್ಮ ಕಿಡಿಕಿಡಿಯಾದಳು. “ವರ್ಷ ತುಂಬೋವರೆಗೆ ದೇವಸ್ಥಾನದ ಮೆಟ್ಟಿಲು ಹತ್ತಂಗಿಲ್ಲ, ಯಾತ್ರೆ ಮಾಡಂಗಿಲ್ಲ. ನಾ ಅಂತೂ ಹೊಸ್ತಿಲು ದಾಟಂಗೇ ಇಲ್ಲ. ನಿಂಗೆ ಬುದ್ಧಿ ಗಿದ್ಧಿ ಐತೇನೋ?”

“ಯಾತ್ರೆ ಯಾರು ಹೋಗ್ತಾರವ್ವ? ದೇವರಿಗೆ ಕೈ ಮುಗಿಯಲ್ಲ. ಬರೇ ಗುಡ್ಡ ನೋಡದು. ಗುಡ್ಡಕ್ಕೆಂಥ ಸೂತಕ?” ಎಂದ ಆನಂದಪ್ಪ. “ಹೊಸ್ತಿಲು ನೀ ದಾಟಬೇಡ. ನಿನ್ನ ಹೊಸ್ತಿಲೇ ಘಟ್ಟಕ್ಕೆ ಹೋಗ್ತದೆ.”

ತುಂಗಮ್ಮ ಎದ್ದು ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದಳು. ಮಾತಿನಲ್ಲಿ ಸೋತದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ದನಕರುಗಳನ್ನು ಆಳು ಗುತ್ಯಪ್ಪನಿಗೆ ಒಪ್ಪಿಸಿ, ಅಕ್ಕಿ ಬೇಳೆ ಉಪ್ಪಿನಕಾಯಿ ತುಂಬಿಕೊಂಡು ಹೊರಟರು. ನಜೀರ್ ಸಾಬ್ ಹ್ಯಾಂಡಲ್ ಹೊಡೆದು ಹೊಡೆದು ಬೆವತ ಮೇಲೆ ಎಂಜಿನ್ ಕೆಮ್ಮಿ ಎದ್ದಿತು. ಬಸ್ಸು ಅಲ್ಲಾಡಿತು, ಪಾತ್ರೆ ಪಡಗ ಅಲ್ಲಾಡಿತು, ತಂಬಿಗೆ ಕಂಬಿಗೆ ಬಡಿಯಿತು. ವರದಮ್ಮ ಗಡಬಡಿಸಿ ಎದ್ದು ನಿಂತಳು.

ರಸ್ತೆಯುದ್ದಕ್ಕೂ ಇದೇ ಕಥೆ. ಕಲ್ಲು ಸಿಕ್ಕರೆ ಠಣ್, ಗುಂಡಿ ಸಿಕ್ಕರೆ ಠಣ್. ಇದರ ಮೇಲೆ ಆ ಬೋರ್ಡು ಬೇರೆ. ಸೊರಬದ ಬಸ್ ಸ್ಟ್ಯಾಂಡಿನ ಮುಂದೆ ಹಾದರೆ ಜನ ಗಂಟುಮೂಟೆ ಎತ್ತಿಕೊಂಡು ಓಡಿಬಂದರು. “ಇದು ಮನೆ ಕಣ್ರೀ, ಬಸ್ಸಲ್ಲ!” ಎಂದು ಆನಂದಪ್ಪ ಕಿಟಕಿಯಿಂದ ಕೂಗಿದರೂ ಒಬ್ಬ ಮುದುಕ ಮೆಟ್ಟಿಲು ಹತ್ತಿಯೇಬಿಟ್ಟ. ಒಳಗೆ ಒಲೆ, ಮಂಚ, ಬಿಳಿ ಸೀರೆಯ ತುಂಗಮ್ಮನನ್ನು ನೋಡಿ, “ತಪ್ಪಾಯ್ತು ತಾಯಿ” ಎಂದು ಕೈ ಮುಗಿದು ಹಿಂದಕ್ಕೆ ಇಳಿದ. ಸಾಗರ ಪೇಟೆ ದಾಟಿದ ಮೇಲೂ ಹೊಲದ ಬದುವಿನಿಂದ ಜನ ಕೈ ಅಡ್ಡ ಹಿಡಿಯುವುದು ನಿಲ್ಲಲಿಲ್ಲ. ಪ್ರತಿ ಸಲ ನಜೀರ್ ಸಾಬ್‌ನ ಕಾಲು ಅಭ್ಯಾಸಬಲದಿಂದ ಬ್ರೇಕಿನ ಮೇಲೆ ಹೋಗುತ್ತಿತ್ತು. ಪ್ರತಿ ಬ್ರೇಕಿಗೂ ತಂಬಿಗೆ, ಪ್ರತಿ ತಂಬಿಗೆಗೂ ವರದಮ್ಮ.

“ನೋಡೇ, ನೋಡೇ ಅಲ್ಲಿ! ಗುಡ್ಡದ ಸಾಲು ಹೆಂಗೆ ನೀಲಿ ಆಗೈತೆ!” ಎಂದು ಆನಂದಪ್ಪ ಮುಂದಿನಿಂದ ಕೂಗುತ್ತಿದ್ದ. ಅವಳು ನೋಡುತ್ತಿದ್ದಳು. ದೂರದ ಬೆಟ್ಟ ನುಣ್ಣಗೆ ಕಾಣುವುದು ಸುಳ್ಳಲ್ಲ. ಆದರೆ ಅವಳ ಕಣ್ಣಿಗೆ ಗುಡ್ಡವೆಲ್ಲ ತಲೆದಿಂಬಿನ ಹಾಗೆ ಕಾಣುತ್ತಿತ್ತು. ಅತ್ತುಬಿಡೋಣ ಎನಿಸಿತು, ಅದಕ್ಕೂ ತ್ರಾಣವಿರಲಿಲ್ಲ.

ಬಸ್ಸು ನಿಂತರೆ ಅವಳಿಗೆ ಒಲೆ ಕಾಯುತ್ತಿತ್ತು. ಯಾತ್ರೆ ಹೋದವರಾದರೂ ಛತ್ರದಲ್ಲಿ ಉಣ್ಣುತ್ತಾರೆ. ಮನೆಯನ್ನೇ ಕಟ್ಟಿಕೊಂಡು ಹೊರಟವರಿಗೆ ಛತ್ರವೆಲ್ಲಿ? ಅತ್ತೆಗೆ ಬಿಸಿನೀರು, ಗಂಡನಿಗೆ ರೊಟ್ಟಿ, ನಜೀರ್ ಸಾಬ್ ಕಿಟಕಿಯಲ್ಲಿ ನೀಡುವ ಅವನ ಸ್ವಂತ ಲೋಟಕ್ಕೆ ಚಹಾ.

ಜೋಗದ ಹತ್ತಿರ ಒಂದು ಮಾವಿನ ತೋಪಿನಲ್ಲಿ ಬಿಡಾರ ಹಾಕಿದರು. ಬೇಸಗೆಯ ಜಲಪಾತ ನೂಲಿನಷ್ಟು ಬೀಳುತ್ತಿತ್ತು. ಆನಂದಪ್ಪ ಹೋಗಿ ನೋಡಿ ಬಂದು, “ಇಷ್ಟೇನಾ!” ಎಂದು ಜಲಪಾತದ ಮೇಲೇ ಸಿಟ್ಟುಮಾಡಿದ. ವರದಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದಳು. ಬೆಂಕಿಯ ಕಾವು ಮುಖಕ್ಕೆ ಹಿತವಾಗಿತ್ತು, ಗಾಳಿ ಇರಲಿಲ್ಲ, ತಂಬಿಗೆ ಅಲುಗದೆ ನಿಂತಿತ್ತು. ಕೂತಲ್ಲೇ ಅವಳ ತಲೆ ಬಾಗಿತು.

ಎಚ್ಚರವಾದಾಗ ಮೈಮೇಲೆ ತಣ್ಣೀರು ಸುರಿಯುತ್ತಿತ್ತು. ಎಂಜಿನ್ನಿಗೆ ಹಾಕಲು ತಂದ ನೀರಿನ ಡಬ್ಬಿ ಹಿಡಿದು ನಜೀರ್ ಸಾಬ್ ನಿಂತಿದ್ದ. ಸೆರಗಿನ ತುದಿ ಸುಟ್ಟು ಕಪ್ಪಾಗಿತ್ತು. ಎಡ ಮುಂಗೈ ಚುರುಚುರು ಎನ್ನುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಇದ್ದಿಲಾಗಿತ್ತು.

“ಯಾ ಅಲ್ಲಾ! ಒಂದು ಗಳಿಗಿ ತಡ ಆಗಿದ್ರ ಏನ್ರೀ ಗತಿ?” ಎಂದ ನಜೀರ್ ಸಾಬ್. ಓಡಿಬಂದ ಆನಂದಪ್ಪನ ಕಡೆ ತಿರುಗಿ, “ನಾ ಹೊರಗಿನಾವ, ಹೇಳಬಾರದು. ಆದ್ರ ಹೇಳ್ತೀನಿ. ದೋಷ ಐತಿ ಅಂತ ಮನಿ ಬಿಟ್ರಿ. ಆಮ್ಯಾಲ ದೋಷಾನ ನನ್ನ ಗಾಡ್ಯಾಗ ತೂಗು ಹಾಕ್ಕೊಂಡು ಬಂದ್ರಿ. ಆ ಅಮ್ಮಾರು ನಿದ್ದಿ ಮಾಡಿ ಎಷ್ಟು ದಿನ ಆತು ಅಂತ ಯಾರಾದ್ರೂ ಕೇಳೀರೇನು?” ಎಂದ.

ಆನಂದಪ್ಪ ಹೆಂಡತಿಯ ಕೈ ನೋಡಿದ, ತಂಬಿಗೆ ನೋಡಿದ. ಒಂದೇ ನೆಗೆತಕ್ಕೆ ಹೋಗಿ ಹಗ್ಗಕ್ಕೆ ಕೈ ಹಾಕಿದ.

“ಮುಟ್ಟಬೇಡ!” ತುಂಗಮ್ಮ ಮಂಚದಿಂದ ಎದ್ದೇಬಿಟ್ಟಳು, ಮಂಡಿ ನೋವು ಎಲ್ಲಿ ಹೋಯಿತೋ.

“ಕೆಳಗೆ ಇಳಿಸಿ ಇಡ್ತೀನವ್ವ.”

“ಕಾಲಿಗೆ ತಗಲ್ತದೆ.”

“ಹಂಗಾದ್ರೆ ಬಟ್ಟೆ ಸುತ್ತುತೀನಿ. ಸದ್ದಾಗದಿದ್ರೆ ಸಾಕು.”

“ಸದ್ದಾಗದಂಗೆ ಮಾಡ್ತಿಯಾ?” ತುಂಗಮ್ಮ ತಂಬಿಗೆಗೆ ಕೈ ಅಡ್ಡ ಹಿಡಿದಳು. “ಒಂಬತ್ತು ವರ್ಷ ಅವರಿಗೆ ಮಾತಿರಲಿಲ್ಲ. ಇದ್ದಿದ್ದು ಅದೊಂದು ಸದ್ದು. ಅದನ್ನೂ ಕಟ್ಟಿ ಹಾಕ್ತಿಯೇನೋ? ನೀ ಮಗನಾ?”

ಆನಂದಪ್ಪನ ಕೈ ಕೆಳಗೆ ಬಂತು. ಅವನಿಗೆ ಅಪ್ಪನ ದನಿ ಹೇಗಿತ್ತೆಂಬುದೇ ಮರೆತುಹೋಗಿತ್ತು. ಅಪ್ಪ ಎಂದರೆ ಈಗ ಅವನಿಗೂ ನೆನಪಾಗುತ್ತಿದ್ದದ್ದು ಆ ಠಣ್ ಒಂದೇ. “ಇರಲಿ ಬಿಡಿ” ಎಂದು ವರದಮ್ಮನೇ ಹೇಳಿದಳು. ಜಗಳ ನಿಂತರೆ ಸಾಕಿತ್ತು ಅವಳಿಗೆ.

ಗಂಡಸರು ಇಳಿದು ಹೋದ ಮೇಲೆ ತುಂಗಮ್ಮ ಸೊಸೆಯ ಕೈಗೆ ತಾನೇ ಜೇನುತುಪ್ಪ ಹಚ್ಚಿದಳು. ಹಚ್ಚುತ್ತಾ ಮುಖ ಎತ್ತದೆ ಕೇಳಿದಳು. “ದಿನಾ ಏಳ್ತಿಯೇನೇ?”

“ಏಳ್ತೀನಿ ಅತ್ತೆ.”

“ಏನಂದಂಗೆ ಆಗ್ತದೆ?”

ವರದಮ್ಮ ಸುಳ್ಳು ಹೇಳಬೇಕೆಂದುಕೊಂಡಳು. ಸುಳ್ಳು ಹುಡುಕುವಷ್ಟೂ ಶಕ್ತಿ ಇರಲಿಲ್ಲ. “ಬಾ ಅಂದಂಗೆ ಆಗ್ತದೆ” ಎಂದಳು.

ತುಂಗಮ್ಮನ ಬೆರಳು ಅವಳ ಮುಂಗೈ ಮೇಲೆ ನಿಂತಿತು. ಮುದುಕಿ ಸುಟ್ಟ ಸೆರಗನ್ನು ನೋಡಿದಳು, ಸೊಸೆಯ ಕಣ್ಣ ಕೆಳಗಿನ ಕಪ್ಪನ್ನು ನೋಡಿದಳು. ಆಮೇಲೆ ಜೇನಿನ ಬಾಟಲಿಗೆ ಬಿರಡೆ ಹಾಕಿದಳು. ಆ ಹೊತ್ತಿನಿಂದ ಅವಳು ಯಾರನ್ನೂ ಬೈಯಲಿಲ್ಲ. ಅದನ್ನು ಕಂಡು ಆನಂದಪ್ಪನಿಗೆ, ಅವ್ವನಿಗೆ ಜ್ವರ ಬಂತೋ ಏನೋ ಎಂದು ಗಾಬರಿಯಾಯಿತು.

ಮಾರನೆಯ ದಿನ ಬೆಳಗಿನ ತಿಂಡಿ ಮುಗಿಸಿ ಘಟ್ಟಕ್ಕೆ ಹೊರಟರು. ಮಲೆಮನೆ ಘಟ್ಟ ಎಂದರೆ ರಸ್ತೆ ಗುಡ್ಡಕ್ಕೆ ಸುತ್ತಿಕೊಂಡು, ಬಲಕ್ಕೆ ಹೊರಳಿ ಎಡಕ್ಕೆ ಹೊರಳಿ, ಶರಾವತಿಯ ಕಣಿವೆಗೆ ಇಳಿಯುತ್ತದೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪಾತಾಳ. ಕಣಿವೆಯ ಆಚೆ ಗುಡ್ಡದ ಹಿಂದೆ ಗುಡ್ಡ. ಇದನ್ನೆಲ್ಲ ಕಂಡು ಆನಂದಪ್ಪ ಮಾತು ಮರೆತು, “ಅಬ್ಬಬ್ಬಬ್ಬ” ಎಂಬುದೊಂದನ್ನೇ ಹೇಳುತ್ತಿದ್ದ.

ಕಷ್ಟ ಶುರುವಾದದ್ದು ಮೊದಲನೆಯ ದೊಡ್ಡ ತಿರುವಿನಲ್ಲಿ. ಬಯಲಿನ ರಸ್ತೆಗೆ ಕಟ್ಟಿದ ಉದ್ದನೆಯ ಬಸ್ಸು, ಒಂದೇ ಏಟಿಗೆ ತಿರುಗಲಿಲ್ಲ. ಮೂತಿ ಬಂಡೆಗೆ ತಾಗುವಷ್ಟು ಹೋಗಿ ನಿಂತಿತು. ನಜೀರ್ ಸಾಬ್ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. “ಹಿಂದಕ್ಕ ತಗೊಂಡು ಮತ್ತ ಹೊಡೀಬೇಕ್ರೀ. ಎಲ್ಲಾರೂ ಇಳೀರಿ. ಆನಂದಪ್ಪಾರ, ನೀವು ಚಕ್ರಕ್ಕ ಮರದ ತುಂಡು ಕೊಡಬೇಕು. ನಾ ಹೇಳಿದಾಗ ಕೊಡ್ರಿ, ಗುಡ್ಡ ನೋಡ್ಕೋತ ನಿಂತೀರಿ ಮತ್ತ!”

“ನಾ ಇಳಿಯಲ್ಲ. ವರ್ಷದೊಳಗೆ ಹೊಸ್ತಿಲು ದಾಟಲ್ಲ” ಎಂದಳು ತುಂಗಮ್ಮ.

“ಅವ್ವಾ, ಹಿಂದುಗಡೆ ಪ್ರಪಾತ ಐತೆ!”

“ಇರಲಿ.”

ಒಬ್ಬಳನ್ನೇ ಬಿಟ್ಟು ಇಳಿಯುವುದು ಹೇಗೆ? ವರದಮ್ಮ ಕೂಡ ಕೂತಳು. ಕೂತಳು ಎನ್ನುವುದಕ್ಕಿಂತ, ಇಳಿಯಲು ಬೇಕಾದ ನಾಲ್ಕು ಹೆಜ್ಜೆ ಅವಳಿಂದ ಆಗುತ್ತಿರಲಿಲ್ಲ. ಬಸ್ಸು ಗುರುಗುಟ್ಟುತ್ತಾ ಹಿಂದಕ್ಕೆ ಸರಿಯಿತು. ಹಿಂದಿನ ಕಿಟಕಿಯಲ್ಲಿ ರಸ್ತೆ ಮಾಯವಾಗಿ ಬರೀ ಗಾಳಿ, ಬಹಳ ಕೆಳಗೆ ಮರಗಳ ತಲೆ. ಹೊರಗಿಂದ ಆನಂದಪ್ಪ ಮರದ ತುಂಡನ್ನು ಚಕ್ರಕ್ಕೆ ಕೊಟ್ಟ. ಬಸ್ಸು ಗಕ್ಕನೆ ನಿಂತಿತು. ಠಣ್!

ವರದಮ್ಮ ಎದ್ದಳು. ಏಳುವಾಗ ಕಣ್ಣು ಕತ್ತಲೆ ಬಂದು ಹಲಗೆ ಮಂಚದ ಮೇಲೆ ಕುಸಿದಳು. ಬಿದ್ದರೆ ಬೀಳಲಿ ಈ ಬಸ್ಸು, ಕೆಳಗೆ ಹೋದರೂ ಮಲಗಬಹುದಲ್ಲ ಎಂದು ಅವಳಿಗೆ ನಿಜವಾಗಿಯೂ ಅನಿಸಿತು. ಬಸ್ಸು ಮುಂದಕ್ಕೆ, ಮತ್ತೆ ಹಿಂದಕ್ಕೆ. ಠಣ್. ಬಂದೆ ಮಾವಯ್ಯ. ಮೊಣಕೈ ಊರಿದಳು, ಮೈ ಏಳಲಿಲ್ಲ. ತಿರುವು ದಾಟಿತು, ಇನ್ನೊಂದು ಬಂತು. ಬಂದೆ, ಬಂದೆ. ಬಾಯಿ ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ.

ಮತ್ತೆ ಎಂಜಿನ್ ಅರಚಿತು. ಬಸ್ಸು ಜರುಗಿ ನಿಂತಿತು. ಸದ್ದು ಬರಲಿಲ್ಲ.

ಇನ್ನೊಂದು ಸಲ ಗಕ್ಕನೆ ನಿಂತಿತು. ಆಗಲೂ ಬರಲಿಲ್ಲ. ಕಾದಿದ್ದ ಸದ್ದು ಬಾರದೆ ವರದಮ್ಮನಿಗೆ ಹೆದರಿಕೆಯಾಗಿ ರೆಪ್ಪೆ ತೆರೆದಳು. ಮಾವಯ್ಯನಿಗೆ ಏನಾಯಿತು ಎಂಬುದೇ ಅವಳ ಮನಸ್ಸಿಗೆ ಮೊದಲು ಬಂದ ಯೋಚನೆ.

ತುಂಗಮ್ಮ ನಡುದಾರಿಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಹಗ್ಗ ಬಿಚ್ಚಿತ್ತು. ತಂಬಿಗೆ ಅವಳ ಮಡಿಲಲ್ಲಿತ್ತು. ಮಗುವಿನ ತಲೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಅದನ್ನು ಎದೆಗೆ ಒತ್ತಿಕೊಂಡಿದ್ದಳು. ಬಸ್ಸು ವಾಲಿದಾಗ ನೀರು ತುಳುಕಿ ಅವಳ ಬಿಳಿ ಸೀರೆ ನೆನೆದು ಮೈಗೆ ಅಂಟಿತ್ತು. ಅವಳು ತಂಬಿಗೆಯ ಬಾಯಿಗೆ ಬಾಯಿ ಹತ್ತಿರ ತಂದು, ಜೀವಂತ ಗಂಡನ ಹತ್ತಿರ ಮೆಲ್ಲಗೆ ಜಗಳವಾಡುವಂತೆ ಮಾತಾಡುತ್ತಿದ್ದಳು.

“ಸಾಕು ಇನ್ನು. ಅವಳು ಬರಂಗಿಲ್ಲ. ಕರೆದು ಕರೆದು ಆ ಹೆಣ್ಣುಮಗಳನ್ನ ಅರ್ಧ ಮಾಡಿದ್ರಲ್ಲ, ನಿಮಗೆ ಕರುಣೆ ಬೇಡ್ವಾ? ಮದುವೆ ಆಗಿದ್ದು ಯಾರನ್ನ? ಕರೆಯೋದಾದ್ರೆ ನನ್ನ ಕರೀರಿ. ಮಂಡಿ ನೋವು, ಏಳಾಕೆ ತಡ ಆಗ್ತದೆ. ಆದ್ರೂ ಬರ್ತೀನಿ. ನನ್ನ ಕರೀರಿ.”

ವರದಮ್ಮನಿಗೆ ಎದ್ದು ಹೋಗಿ ಅತ್ತೆಯ ಕೈ ಹಿಡಿಯಬೇಕು, ಬಿಡ್ತು ಅನ್ನಿ, ಹಾಗೆಲ್ಲ ಅನ್ನಬೇಡಿ ಅನ್ನಬೇಕು ಎನಿಸಿತು. ಆದರೆ ಏಳಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ, ಏಳಬೇಕು ಎನಿಸಿದಾಗ ಏಳದೆ ಇದ್ದಳು. ಅತ್ತೆಗೆ ತಾನು ಕೇಳಿಸಿಕೊಂಡದ್ದು ತಿಳಿಯಬಾರದೆಂದು ಕಣ್ಣು ಮುಚ್ಚಿದಳು.

ತಿರುವು ದಾಟಿದ ಮೇಲೆ ಬಸ್ಸು ಹತ್ತಿದ ಆನಂದಪ್ಪ ಮುಂದಿನಿಂದ ಹುಚ್ಚು ಹಿಡಿದವನಂತೆ ಕೂಗುತ್ತಿದ್ದ. “ಅವ್ವಾ! ವರದಾ! ಕಿಟಕೀಲಿ ನೋಡ್ರೇ! ಅಲ್ಲಿ ಬೆಳ್ಳಗೆ ಹೊಳೀತದಲ್ಲ, ಅದೇ ಸಮುದ್ರ!”

“ಅದು ಮಂಜು ಇರಬೇಕ್ರೀ” ಎಂದ ನಜೀರ್ ಸಾಬ್.

“ಸಮುದ್ರ ಕಣಯ್ಯ!”

“ಹುಷ್!” ಎಂದಳು ತುಂಗಮ್ಮ. “ಮಲಗಿದಾಳೆ, ಬಾಯಿ ಮುಚ್ಚು.”

ಅದು ವರದಮ್ಮನಿಗೆ ಕೇಳಿಸಿದ ಕೊನೆಯ ಮಾತು.

ಅವಳಿಗೆ ಎಚ್ಚರವಾದಾಗ ಬಸ್ಸು ನಿಂತಿತ್ತು. ಸೆಖೆ. ಹೊರಗೆ ತೆಂಗಿನ ಮರಗಳು, ಹೊಳೆಯ ಅಗಲವಾದ ನೀರು, ನೀರಿನ ಮೇಲೆ ಇಳಿಬಿಸಿಲು. ಬೆಳಗಿನ ಘಟ್ಟ ಎಲ್ಲಿ, ಗೇರುಸೊಪ್ಪೆಯ ಈ ಸಂಜೆ ಎಲ್ಲಿ! ತಲೆ ಹಗುರವಾಗಿತ್ತು. ಬಾಯಿಯ ಪಕ್ಕ ಜೊಲ್ಲು ಒಣಗಿತ್ತು. ಯಾರೋ ಅವಳ ಕಾಲ ಮೇಲೆ ಕಂಬಳಿ ಹೊದಿಸಿದ್ದರು, ಈ ಸೆಖೆಯಲ್ಲಿ. ಒಲೆಯ ಹತ್ತಿರ ಆನಂದಪ್ಪ ಹೊಗೆಯೊಳಗೆ ಕೆಮ್ಮುತ್ತಾ ಏನನ್ನೋ ಕದಡುತ್ತಿದ್ದ. ಅನ್ನವೋ ಗಂಜಿಯೋ, ನೋಡಿದರೆ ಗೊತ್ತಾಗುವಂತಿರಲಿಲ್ಲ.

“ಎದ್ದಿಯಾ?” ಎಂದು ಅವನು ನಕ್ಕ. ಆಮೇಲೆ ಮುಖ ಸಣ್ಣದಾಯಿತು. “ಘಟ್ಟ ಪೂರ್ತಿ ಮಲಗಿಬಿಟ್ಟಿ ಕಣೇ. ನಿಂಗೆ ತೋರಿಸಬೇಕು ಅಂತಲೇ ಬಂದಿದ್ದು. ಒಂದು ತಿರುವೂ ನೋಡಲಿಲ್ಲ ನೀನು.”

“ಮೇಲೆ ಹೋಗ್ವಾಗ ನೋಡಿದ್ರಾತು ಬಿಡ್ರೀ. ಘಟ್ಟ ಎಲ್ಲಿಗೂ ಓಡಿ ಹೋಗಂಗಿಲ್ಲ. ನನ್ನ ಗಾಡಿ ಏರ್ತೈತೋ ಇಲ್ಲೋ ಅದೊಂದ ನೋಡಬೇಕು” ಎಂದು ಹೊರಗೆ ಚಕ್ರದ ಹತ್ತಿರ ಕೂತಿದ್ದ ನಜೀರ್ ಸಾಬ್ ಹೇಳಿದ.

ವರದಮ್ಮ ಅತ್ತೆಯನ್ನು ಹುಡುಕಿದಳು. ತುಂಗಮ್ಮ ಅಲ್ಲೇ, ನಡುದಾರಿಯಲ್ಲೇ, ಅದೇ ರೀತಿ ಕಾಲು ಚಾಚಿ ಕೂತಿದ್ದಳು. ಸೀರೆ ಮೈಮೇಲೇ ಒಣಗಿತ್ತು. ಬೆರಳುಗಳು ಬಿಗಿದು ತಂಬಿಗೆಯ ಸುತ್ತ ಕಚ್ಚಿಕೊಂಡಿದ್ದವು. ಘಟ್ಟ ಇಳಿದು, ಊರು ಸೇರಿ, ಬಸ್ಸು ನಿಂತ ಮೇಲೂ ಅವಳು ಕೈ ಬಿಟ್ಟಿರಲಿಲ್ಲ.

ವರದಮ್ಮ ಹೋಗಿ ಅವಳ ಪಕ್ಕದಲ್ಲಿ ಕೂತಳು. “ಸಮುದ್ರ ಹೆಂಗಿತ್ತು ಅತ್ತೆ?” ಎಂದು ಕೇಳಿದಳು.

“ನಂಗೆಂಥ ಗೊತ್ತು? ನಾ ಕತ್ತೆತ್ತಿದ್ರೆ ತಾನೆ” ಎಂದಳು ತುಂಗಮ್ಮ, ಎಂದಿನ ಸಿಡುಕಿನಲ್ಲಿ.

“ಹೋಗ್ವಾಗ ನೀವು ಕಿಟಕಿ ಹತ್ರ ಕೂರಿ. ನಂದು ನಿದ್ದೆ ಆಯ್ತು. ತಂಬಿಗೆ ನಾ ಹಿಡ್ಕೊಂಡಿರ್ತೀನಿ, ಕೊಡಿ” ಎಂದು ವರದಮ್ಮ ಕೈ ನೀಡಿದಳು.

ತುಂಗಮ್ಮ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಘಟ್ಟದಲ್ಲಿ ತಾನಾಡಿದ ಮಾತನ್ನು ಇವಳು ಕೇಳಿಸಿಕೊಂಡಿದ್ದಾಳೆಂದು ಅವಳಿಗೆ ಅರ್ಥವಾಯಿತೋ ಏನೋ. ತಂಬಿಗೆಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು.

“ಕೊಡಲ್ಲ, ಹೋಗೆ” ಎಂದಳು. “ಕರೆದ್ರೆ ನಾ ಏಳ್ತೀನಿ. ನೀ ಇನ್ನೊಂದು ಚೂರು ಮಲಗು.”